ಆಚಾರಿ ಹೊಡೆದ ಸಾಲು

ಪಾಂಡವಪುರ
೨೧-೧೧-೧೯೯೪, ಸೋಮವಾರ

ಪ್ರೀತಿಯ ನಿಂಗರಾಜು,

ಅಂಬಾಲಾದಲ್ಲಿ ಚಳಿ ಶುರುವಾಗಿರಬೇಕು. ಬೆಳಗಿನ ಪಾಳಿಗೆ ಹೋಗುವಾಗ ಕಿವಿ ಮುಚ್ಚಿಕೊಳ್ಳುತ್ತೀಯೋ ಇಲ್ಲವೋ? ಹೋದ ವರ್ಷದ ಕೆಮ್ಮು ಶಿವರಾತ್ರಿ ಕಳೆದರೂ ನಿನ್ನನ್ನು ಬಿಟ್ಟಿರಲಿಲ್ಲ. ದಿವ್ಯ ಕೇಳಿದ್ದ ಹುರುಳಿಕಾಳು ತೆಗೆದಿಟ್ಟಿದ್ದೇನೆ, ಆ ಕಡೆ ಬರುವವರು ಸಿಕ್ಕರೆ ಕೊಟ್ಟು ಕಳಿಸುತ್ತೇನೆ. ಅರಕೆರೆಯ ನಮ್ಮ ಗದ್ದೆ ತೆನೆ ಬಾಗಿ ನಿಂತಿದೆ. ಕಾಲೇಜು, ಪಾಠ, ನಾನು, ಎಲ್ಲ ಎಂದಿನಂತೆ. ಇಷ್ಟು ಬರೆದು ಎರಡು ಸಲ ಎದ್ದು ಹೋಗಿ ಬಂದೆ. ಮುಂದಿನದನ್ನು ಬರೆಯಲು ಕೈ ಏಳುತ್ತಿಲ್ಲ.

ನಿನ್ನ ವಿಮಾನದ ವಿಷಯ. ಯುದ್ಧದ ಕಾಲದಲ್ಲಿ ಬಿಂಡಿಗನವಿಲೆಯ ಹೊಲದಲ್ಲಿ ಬಿದ್ದ ವಿಮಾನದ ಒಂದು ಮಗ್ಗುಲು ಯಾರದೋ ಮನೆಯಲ್ಲಿ ಕುರಿಗಳಿಗೆ ನೀರಿನ ತೊಟ್ಟಿಯಾಗಿದೆಯಂತೆ, ಒಳಗಿನ ಅಡ್ಡಪಟ್ಟಿಗಳು ಎಷ್ಟು, ರಿವೆಟ್ಟುಗಳು ಎಷ್ಟೆಷ್ಟು ದೂರಕ್ಕಿವೆ ಅಳೆದು ಕಳಿಸಕ್ಕ ಎಂದು ಜೂನಿನಲ್ಲಿ ನೀನು ಬರೆದಿದ್ದೆ. ಆ ಜಾತಿಯ ವಿಮಾನವನ್ನು ಹರೆಯದಲ್ಲಿ ಹಾರಿಸಿದ ನಿಮ್ಮ ವಾಯುಪಡೆಯ ಹಳೆಯ ಸಾಹೇಬರಿಗೆ ಈಗ ಕಣ್ಣು ಕಾಣುವುದಿಲ್ಲ, ಡಿಸೆಂಬರ್ ನಾಲ್ಕರ ಸಮಾರಂಭದಲ್ಲಿ ನೀನು ಕಟ್ಟುತ್ತಿರುವ ಪುಟ್ಟ ಮಾದರಿಯನ್ನು ಕೈಗೆ ಕೊಟ್ಟರೆ ಬೆರಳಲ್ಲೇ ತಡವಿ ನೋಡುತ್ತಾರೆ, ಒಂದೊಂದು ರಿವೆಟ್ಟೂ ಇರಬೇಕಾದ ಕಡೆಯೇ ಸಿಗಬೇಕು ಅಂದಿದ್ದೆ. ನೀನು ಓದಿದವಳು, ನೀನು ನೋಡಿದರೆ ತಪ್ಪಾಗಲ್ಲ ಎಂದೂ ಸೇರಿಸಿದ್ದೆ. ಆ ಮಾತಿಗೆ ನಾನು ಎಷ್ಟು ಉಬ್ಬಿದೆ ಎಂದರೆ ಆ ಭಾನುವಾರವೇ ನಾಗಮಂಗಲದಲ್ಲಿ ಬಸ್ಸು ಬದಲಾಯಿಸಿ ಅಲ್ಲಿದ್ದೆ.

ತೊಟ್ಟಿ ಪುಟ್ಟಗೌರಮ್ಮ ಎಂಬುವರದು, ನಮ್ಮವ್ವನ ವಯಸ್ಸಿನವರು. ಕುರಿಗಳನ್ನು ಆಚೆ ಅಟ್ಟಿ, ನೀರು ಚೆಲ್ಲಿ, ತಾವೇ ತೆಂಗಿನ ನಾರಿನಲ್ಲಿ ಉಜ್ಜಿ ಕೊಟ್ಟರು. ನಾನು ತೆಳುಕಾಗದ ಹಾಸಿ ಮೇಲೆ ಪೆನ್ಸಿಲ್ ಉಜ್ಜುತ್ತಾ ರಿವೆಟ್ಟುಗಳ ಅಚ್ಚು ತೆಗೆಯುತ್ತಿದ್ದರೆ, "ಏನವ್ವಾ, ನಮ್ ತೊಟ್ಟಿಗೆ ಜಾತ್ಕ ಬರೀತಿದ್ದೀಯಾ?" ಎಂದು ನಕ್ಕರು. ನಾನು ಏಳನೆಯ ಪಟ್ಟಿಗೂ ಅದರ ಮೇಲಿದ್ದ ಜೋಡಿ ಸಾಲಿಗೂ ಬಂದಾಗ ಮಾತ್ರ ಅವರು ಹತ್ತಿರ ಬಂದು, "ಅದು ಇಮಾನದ್ದಲ್ಲ ಕಣವ್ವ. ನೀರು ಸೋರ್ತದೆ ಅಂತ ನಮ್ಮೋರು ಆಚಾರಿ ಕೈಲಿ ಒಡ್ಸಿದ್ದು" ಅಂದರು. ನಾನು ತಲೆಯೆತ್ತದೆ, "ಇರಲಿ ಬಿಡೀಮ್ಮ, ಇದೆಲ್ಲ ನಿಮಗೆ ಗೊತ್ತಾಗಲ್ಲ" ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಓದ್ದೋರು, ನಿಮ್ಗೇ ಗೊತ್ತಿರ್ತದೆ ಬುಡಿ" ಎಂದು ನನಗೆ ಮಜ್ಜಿಗೆ ತರಲು ಒಳಗೆ ಹೋದರು.

ಯಾಕೆ ಹಾಗಂದೆ ಗೊತ್ತೇ? ಆ ಸಾಲು ನನಗೆ ಹಿಡಿಸಿಬಿಟ್ಟಿತ್ತು. ಮಿಕ್ಕವು ಮಾತ್ರೆ ಎಣಿಸಿ ಕಟ್ಟಿದ ಪದ್ಯದ ಹಾಗೆ ಒಂದೇ ಸಮ. ಇದೊಂದು ಮಾತ್ರ ಎಲ್ಲೋ ತಡೆದು, ಎಲ್ಲೋ ಓಡಿ, ಉಸಿರು ತೆಗೆದುಕೊಳ್ಳುವ ಹಾಗಿತ್ತು. ವಿಮಾನಕ್ಕೂ ಯತಿಯಿದೆ ಎಂದು ನಿನಗೆ ಒಂದು ಪುಟ ಬರೆದು ಕಳಿಸಿದೆನಲ್ಲ, ಅದನ್ನು ದಯವಿಟ್ಟು ಹರಿದು ಹಾಕು.

ಮೊನ್ನೆ ಇಲ್ಲಿನ ಸುಬ್ರಹ್ಮಣ್ಯನ ವೆಲ್ಡಿಂಗ್ ಅಂಗಡಿಗೆ ಗೇಟಿನ ಕೀಲು ಕೂರಿಸಲು ಹೇಳುವುದಕ್ಕೆ ಹೋಗಿದ್ದೆ. ಅವನೂ ಬಿಂಡಿಗನವಿಲೆಯವನೇ ಎಂದು ತಿಳಿದು, ಜಂಬಕ್ಕೆ ಅಚ್ಚಿನ ಇನ್ನೊಂದು ಪ್ರತಿ ತೆಗೆದು ತೋರಿಸಿದೆ. ಅವನು ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡ. ಏಳನೆಯ ಪಟ್ಟಿಯ ಮೇಲೆ ಬೆರಳಿಟ್ಟು, "ಇದು ನಮ್ಮಪ್ಪನ ಕೈ ಮೇಡಂ. ಎಡಚರು ಅವ್ರು, ಏಟು ಯಾವಾಗ್ಲೂ ಒಂದೇ ಕಡೆ ವಾಲ್ತಿತ್ತು. ತಗಡು ಸೀಳಿತ್ತು ಅಂತ ಒಳಗಿಂದ ಪಟ್ಟಿ ಕೊಟ್ಟು ಎರಡು ಸಾಲು ಹೊಡೆದ್ರು" ಅಂದ. ಮಾದರಿಯ ವಿಷಯ ಹೇಳಿದಾಗ, "ಅಂಗಾರೆ ನಮ್ಮಪ್ಪನೂ ಇಮಾನ ಕಟ್ದಂಗಾಯ್ತು ಬುಡಿ" ಎಂದು ಜೋರಾಗಿ ನಕ್ಕ. ಅಪ್ಪ ಹೋಗಿ ಹನ್ನೆರಡು ವರ್ಷವಂತೆ. ಕಾಗದವನ್ನು ಹಿಂದಕ್ಕೆ ಕೊಡಲು ಅವನಿಗೆ ಮನಸ್ಸಿರಲಿಲ್ಲ. ಅವನೇ ಇಟ್ಟುಕೊಳ್ಳಲಿ ಎನ್ನುವಷ್ಟೂ ನನಗೆ ತೋಚಲಿಲ್ಲ, ಮಡಿಚಿ ಚೀಲಕ್ಕೆ ಹಾಕಿಕೊಂಡು ಬಂದೆ.

ನಿನ್ನೆ ಮತ್ತೆ ಬಿಂಡಿಗನವಿಲೆಗೆ ಹೋಗಿದ್ದೆ. ತಪ್ಪಾಯಿತು ಅಂದರೆ ಪುಟ್ಟಗೌರಮ್ಮ, "ಅಯ್ಯೋ, ಇದುನ್ನ ಯೋಳಕ್ಕೆ ಅಷ್ಟು ದೂರದಿಂದ ಬಂದ್ಯಾ? ಬಿಸ್ಲಲ್ಲಿ ನಿಂತ್ಕಬ್ಯಾಡ, ಕೂತ್ಕೊ" ಎಂದು ಚಾಪೆ ಹಾಸಿದರು. ಆಮೇಲೆ ಕೋಲಿನಿಂದ ಒಂದೊಂದೇ ಸಾಲು ಮುಟ್ಟಿ, ಇದು ಇಮಾನದ್ದು, ಇದೂ ಇಮಾನದ್ದು, ಇದು ಆಚಾರೀದು ಎಂದು ಹೇಳುತ್ತಾ ಹೋದರು. ಅವರು ಹೇಳಿದ ಹಾಗೆಯೇ ಬರೆದುಕೊಂಡೆ. ಪಟ್ಟಿಗಳು ಆರೇ. ಹೊಸ ಅಚ್ಚು ಈ ಕಾಗದದ ಜೊತೆಗಿದೆ, ಆಚಾರಿಯ ಸಾಲಿಗೆ ಕೆಂಪು ಗೀಟು ಎಳೆದಿದ್ದೇನೆ.

ನೀನು ಕಳಿಸಿದ ಫೋಟೋದಲ್ಲಿ ಬಣ್ಣವೂ ಮುಗಿದಿದೆ. ಸೂಜಿಮೊನೆಯಲ್ಲಿ ಅಂಟು ತೆಗೆದು ರಿವೆಟ್ಟುಗಳ ಹಾಗೆ ನೀನು ಇಟ್ಟ ಚುಕ್ಕಿಗಳನ್ನೆಲ್ಲ ಆ ಪಟ್ಟಿಯಿಂದ ಕೆರೆದು, ಮತ್ತೆ ಬಣ್ಣ ಹಚ್ಚಬೇಕು. ಕಾಗದ ತಲುಪಿದ ಮೇಲೆ ನಿನಗೆ ಒಂದು ವಾರ ಸಿಕ್ಕರೆ ಹೆಚ್ಚು. ಇಂದು ಬೆಳಿಗ್ಗೆ ಎಸ್‌ಟಿಡಿ ಬೂತಿನವರೆಗೂ ಹೋಗಿ, ನಿನ್ನ ದನಿ ಕೇಳುವ ಧೈರ್ಯವಿಲ್ಲದೆ ಹಿಂದಿರುಗಿದೆ. ಸಾಹೇಬರಿಗೆ ತಪ್ಪು ಸಾಲು ಕೊಡಬೇಡ. ಆಗದಿದ್ದರೆ, ತಪ್ಪು ನನ್ನ ಅಕ್ಕನದು ಎಂದು ಅವರಿಗೆ ಹೇಳಿಯೇ ಕೊಡು.

ದಿವ್ಯಳಿಗೂ ನಿನಗೂ ಈ ಚಳಿಗಾಲ ಸುಖವಾಗಿ ಕಳೆಯಲಿ, ದೇವರು ನಿನ್ನ ಕೈಗಳನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ದೇವೀರಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಸುಬ್ರಹ್ಮಣ್ಯನ ಅಂಗಡಿಗೆ ಹೋದದ್ದು ಮೊನ್ನೆಯಲ್ಲ, ದಸರೆಗೂ ಮುಂಚೆ. ಅದಾಗಿ ನಾಲ್ಕು ದಿನಕ್ಕೆ ನಿನ್ನ ಕಾಗದ ಬಂತು, "ಆ ಒಂದು ಸಾಲು ಯಾಕೋ ಸರಿ ಕಾಣ್ತಿಲ್ಲಕ್ಕ, ನೀನು ಹೂಂ ಅಂದ್ರೆ ಬಣ್ಣ ಹಚ್ತೀನಿ" ಎಂದು. ನಾನು "ನನ್ನ ಕಣ್ಣನ್ನೇ ಅನುಮಾನಿಸ್ತೀಯೇನೋ, ಹಚ್ಚು" ಎಂದು ಬರೆದೆ. ಗೊತ್ತಿದ್ದೇ ಬರೆದೆ, ನಿಂಗ.