ಕಕ್ಷೆಯಲ್ಲಿ ಸುತ್ತುತ್ತಿರುವ ನಮ್ಮ ಮನೆಯ ಚೀಟಿ

ಉಪಗ್ರಹ ಜೋಡಣಾ ಕೇಂದ್ರದ ಮಾನ್ಯ ನಿರ್ದೇಶಕರೇ,

‘ಆಕಾಶದಲ್ಲಿ ಬರೆದುದನ್ನು ಅಳಿಸುವವರಿಲ್ಲ’ ಎಂದೋ ‘ಓದುವವರಿಲ್ಲ’ ಎಂದೋ ಒಂದು ಸಾಲು, ಯಾವ ಕಾಲದಲ್ಲೋ ಓದಿದ ನೆನಪು. ಯಾವುದು ಸರಿ ಎಂದು ಈಗ ಹೇಳಲಾರೆ. ಅಳಿಸುವವರಿಲ್ಲ ಎಂಬುದು ನಿಜವಾದರೆ, ನನ್ನ ತಂಗಿಗೆ ನೀವು ಕಳುಹಿಸಿದ ನೋಟಿಸಿಗೆ ಅರ್ಥವಿಲ್ಲ. ಓದುವವರಿಲ್ಲ ಎಂಬುದು ನಿಜವಾದರೆ ಅದರ ಅಗತ್ಯವೇ ಇಲ್ಲ. ಉಪಗ್ರಹದ ಮುಚ್ಚಳದ ಮೇಲೆ ತಾನು ಬರೆದುದನ್ನು ಅವಳು ಈ ತಿಂಗಳ ಕೊನೆಯೊಳಗೆ ಖುದ್ದಾಗಿ ಅಳಿಸಿ ವರದಿ ಒಪ್ಪಿಸಬೇಕು, ಅಲ್ಲಿಯವರೆಗೆ ಕೆಲಸಕ್ಕೆ ಬರಕೂಡದು ಎಂದಿದ್ದೀರಿ. ಆದರೆ ಉಪಗ್ರಹ ಹಾರಿಹೋಗಿದೆಯಲ್ಲ? ಹಾರಿಸಿದವರು ನೀವೇ. ಟಿವಿಯಲ್ಲಿ ನೀವು ಚಪ್ಪಾಳೆ ತಟ್ಟುವುದನ್ನು ನಾವಿಬ್ಬರೂ ನೋಡಿದ್ದೇವೆ.

ನಡೆದದ್ದು ಇಷ್ಟು. ನಮ್ಮ ಮನೆಯ ಕರೆಗಂಟೆ ಕೆಟ್ಟಿತ್ತು. ರಿಪೇರಿಯವನು ಬಂದು, ಬೆಲ್ ಒತ್ತಿ, ಯಾರೂ ಬಾಗಿಲು ತೆಗೆಯದ್ದನ್ನು ಕಂಡು ಹಿಂತಿರುಗಿದ. ಮರುವಾರವೂ ಹಾಗೇ ಮಾಡಿದ. ಬಾಗಿಲಿಗೊಂದು ಚೀಟಿ ಅಂಟಿಸು ಎಂದು ಒಂದು ಬೆಳಿಗ್ಗೆ ತಂಗಿಗೆ ಹೇಳಿದೆ. “ಬರೀತೀನಿ ಬಿಡಕ್ಕ, ಎಷ್ಟು ಸಲ ಹೇಳ್ತೀಯ” ಎಂದು ಚಪ್ಪಲಿ ಮೆಟ್ಟಿ ಹೋದಳು. ಸಂಜೆ ಬಂದು, “ಬರೆದೆ. ಆದ್ರೆ ನಮ್ಮ ಬಾಗಿಲಿಗಲ್ಲ” ಎಂದಳು.

ಉಪಗ್ರಹದ ಕೊನೆಯ ಮುಚ್ಚಳ ಕೂರಿಸುವುದು ಅವಳ ಕೆಲಸ. ಅದು ಬಾಗಿಲಿನಂತೆ ಕಂಡಿತಂತೆ, ಕೈಯಲ್ಲಿ ಗುರುತು ಹಾಕುವ ಪೆನ್ನಿತ್ತಂತೆ. ‘ಬೆಲ್ ಕೆಟ್ಟಿದೆ. ದಯವಿಟ್ಟು ಬಾಗಿಲು ತಟ್ಟಿ.’ ನಿಮ್ಮವರೇ ಅದರ ಫೋಟೋ ತೆಗೆದು, ನಿಮ್ಮದೇ ಕ್ಯಾಲೆಂಡರಿಗೆ ಹಾಕಿ ಹಂಚುವವರೆಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಮೇಲೆ ವಿಚಾರಣಾ ಸಮಿತಿ. ಉಪಗ್ರಹಕ್ಕೆ ಬೆಲ್ಲೇ ಇಲ್ಲದಿರುವಾಗ ಅದು ಕೆಟ್ಟಿದೆ ಎಂದು ಘೋಷಿಸುವ ಅಧಿಕಾರ ಅವಳಿಗೆ ಯಾರು ಕೊಟ್ಟರು ಎಂದು ಕೇಳಿದರು. ಯಾರಾದರೂ ನಿಜವಾಗಿ ಬಂದು ತಟ್ಟಿದರೆ ತೆಗೆಯುವವರು ಯಾರು ಎಂದೂ ಕೇಳಿದರು. “ನಾನೂ ಅದನ್ನೇ ಯೋಚಿಸ್ತಿದ್ದೆ ಸಾರ್, ಒಳಗಡೆ ಚಿಲಕ ಇಲ್ಲ” ಎಂದಳು ಇವಳು. ಅದನ್ನು ಉದ್ಧಟತನ ಎಂದು ದಾಖಲಿಸಲಾಯಿತು.

ಮಾನ್ಯರೇ, ಅಷ್ಟು ದೊಡ್ಡ ಕತ್ತಲೆಗೆ ನೀವು ಕಳುಹಿಸಿದ ವಸ್ತುಗಳ ಮೇಲೆಲ್ಲ ಕ್ರಮಸಂಖ್ಯೆ ಇದೆ, ಇಲಾಖೆಯ ಮುದ್ರೆ ಇದೆ. ಯಾರೋ ಬರಬಹುದು, ಬಂದವರು ಹೊರಗೆ ಸುಮ್ಮನೆ ಕಾಯಬಾರದು ಎಂದು ಅಂದುಕೊಂಡವಳು ಇವಳೊಬ್ಬಳೇ. ಇದನ್ನು ಅಶಿಸ್ತು ಎನ್ನುವುದಾದರೆ ಮರ್ಯಾದೆ ಎಂದು ಯಾವುದನ್ನು ಕರೆಯೋಣ?

ಈಗ ಅವಳು ಅಡುಗೆಮನೆಯಲ್ಲಿ ಡಬ್ಬಿಗಳ ಮುಚ್ಚಳ ಬಿಗಿ ಮಾಡುತ್ತಾ ಕೂತಿರುತ್ತಾಳೆ. ಸಕ್ಕರೆ ಬೇಕಾದರೂ ಅವಳನ್ನೇ ಕರೆಯಬೇಕು, ಬೇರೆ ಯಾರ ಕೈಗೂ ಡಬ್ಬಿ ಬಗ್ಗುವುದಿಲ್ಲ. ಅತ್ತ ನಿಮ್ಮ ಮುಂದಿನ ಉಪಗ್ರಹ ಬಾಯಿ ತೆರೆದು ನಿಂತಿದೆಯಂತೆ. ಆದ್ದರಿಂದ ಅವಳನ್ನು ಕೆಲಸಕ್ಕೆ ಮರಳಿ ಕರೆಯಿರಿ. ಇಲ್ಲವೇ ಅಳಿಸಿ ಬರಲು ಅವಳನ್ನು ಮೇಲಕ್ಕೆ ಕಳುಹಿಸಿ, ಹಿಂತಿರುಗಿ ಬರುವ ವ್ಯವಸ್ಥೆಯ ಸಮೇತ. ಒದ್ದೆ ಬಟ್ಟೆ ನಾವೇ ಕೊಡುತ್ತೇವೆ.

ಇಂತಿ,
ಎರಡೂ ಬಾಗಿಲುಗಳ ಪರವಾಗಿ,
ಬರೆದವಳ ಅಕ್ಕ

ಸಹಿ ಹಾಕುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಎದುರುಮನೆಯಾಕೆ. “ನಿನ್ನೆ ನಿಮ್ಮ ತಂಗಿ ಆಫೀಸಿನವರು ಬಂದಿದ್ರು ಕಣ್ರೀ, ವಾಪಸ್ ಕೆಲಸಕ್ಕೆ ಕರೆಯೋಕಂತೆ. ಬೆಲ್ ಒತ್ತಿ ಒತ್ತಿ ಸಾಕಾಗಿ, ಮನೇಲಿ ಯಾರೂ ಇಲ್ಲ ಅಂತ ಬರ್ಕೊಂಡು ಹೋದ್ರು. ಅಷ್ಟು ದೂರ ಬರೆದು ಕಳಿಸೋರು, ಇಲ್ಲೊಂದು ಚೀಟಿ ಅಂಟಿಸಬಾರದಾ?”