ಶ್ಯಾನಿಲ ಎಂಬ ಗ್ರಹ

ಚಂದನಾ,

ಇವತ್ತು ನಿನ್ನ ಮಗಳು ಇಂಚರ ವಿಜಯಪುರದ ನಮ್ಮ ಮನೆಗೆ ಬಂದಿದ್ದಳು, ನಾವಿಬ್ಬರೂ ಹೈಸ್ಕೂಲಿನಲ್ಲಿ ಕಲ್ಪಿಸಿ ಕಟ್ಟಿದ ಲೋಕದ ಪದಕೋಶ ಹಿಡಿದುಕೊಂಡು. ಪದ ನಿನ್ನದು, ಅರ್ಥ ನನ್ನದು. ಒಮ್ಮೆ ಬರೆದರೆ ಆ ಲೋಕದಲ್ಲಿ ಅದೇ ನಿಜ ಎಂಬುದು ನಮ್ಮ ನಿಯಮ. 'ನೂಲ್ಗಾಲ: ರೇಷ್ಮೆಯಂತೆ ಹುರಿಮಾಡಿದ ಎರಡು ಕಾಲಗಳು. ಮಂತ್ರಕ್ಕೂ ಗುರುತ್ವಕ್ಕೂ ತುಂಡಾಗವು.' ಎಷ್ಟು ಜಂಬವಿತ್ತು ನನಗೆ!

"ಫರ್ಹಾ ಆಂಟಿ, ಕೊನೇ ಪದಕ್ಕೆ ಅರ್ಥಾನೇ ಇಲ್ಲ."

'ಶ್ಯಾನಿಲ'. ಆಸ್ಪತ್ರೆಯಲ್ಲಿ ಬರೆದು ನೀನು ಫೋಟೊ ಕಳಿಸಿದ್ದ ಪದ. ರಂಜಾನ್ ಮುಗಿಯಲಿ, ಅರ್ಥ ಬರೆದು ಕಳಿಸೋಣ ಎಂದುಕೊಂಡಿದ್ದೆ. ಹಬ್ಬದ ಚಂದ್ರ ಕಾಣುವ ಮೊದಲೇ ನೀನು ಹೋಗಿಬಿಟ್ಟೆ.

ಪೆನ್ನು ತೆಗೆದು ಬರೆದೆ: 'ಉತ್ತರ ಎಷ್ಟೇ ತಡವಾದರೂ ಕರೆದವರು ಕಾಯುತ್ತಲೇ ಇರುವ ಗ್ರಹ.'

"ನಿಜವಾಗ್ಲೂ ಕಾಯ್ತಾರಾ ಆಂಟಿ?"

"ಹೂಂ ಕಣೇ, ಬರೆದಾಯ್ತಲ್ಲ" ಎಂದೆ.