ಮೇರಿ ರಾಣಿಯನ್ನು ಮನೆಗೆ ಕರೆಯದವರು

ಅಕ್ಕಾ,

ನಮ್ಮೂರು ಲಿನ್‌ಲಿತ್‌ಗೋದಲ್ಲಿ ಹುಟ್ಟಿದ ಮೇರಿ ರಾಣಿಯ ತಲೆಯನ್ನು ಇಂಗ್ಲಿಷರು ಕಡಿದ ಜಾಗ ಇವತ್ತು ನೋಡಿದೆ. ಆಗಿದ್ದ ಕೋಟೆ ಈಗಿಲ್ಲ. ಹುಲ್ಲಿನ ದಿಬ್ಬ, ಅದರ ನೆತ್ತಿಯಲ್ಲಿ ನಮ್ಮ ನಾಡಿನ ಲಾಂಛನವಾದ ಥಿಸಲ್ ಮುಳ್ಳುಗಿಡ, ಪಕ್ಕದಲ್ಲಿ ಮೆಲುಕು ಹಾಕುತ್ತ ಮಲಗಿದ ಕುರಿ. ನನಗೆ ಸಿಟ್ಟು ಬಂತು.

"ಆಸರೆ ಕೇಳಿ ಬಂದೋಳನ್ನ ಹತ್ತೊಂಬತ್ತು ವರ್ಷ ಕೂಡಿ ಹಾಕಿ ಕೊಂದ್ರಲ್ಲ ನಿಮ್ಮೋರು," ಎಂದೆ, ತಮ್ಮನ ಇಂಗ್ಲಿಷ್ ಹೆಂಡತಿ ಬೆರಿಲ್‌ಗೆ.

ಅವಳು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ, "ಗಂಡನ್ನ ಕೊಂದ ಅಂತ ಊರೆಲ್ಲ ಬೈತಿದ್ದೋನನ್ನೇ ಕಟ್ಕೊಂಡ್ಲು, ನಿಮ್ಮೋರೇ ಪಟ್ಟ ಕಿತ್ಕೊಂಡ್ರು. ಆಮೇಲೆ ವಾಪಸ್ ಬಾ ಅಂತ ಹೆತ್ತ ಮಗನಾದ್ರೂ ಕರೆದ್ನಾ ಅತ್ತಿಗೆ? ಅವನೇ ತಾನೇ ಆಗ ನಿಮ್ಮ ರಾಜ," ಎಂದಳು. ನಾನು ಚಹಾದ ಲೋಟ ಕೈಗೆ ತೆಗೆದುಕೊಂಡೆ.

ಆಪರೇಶನ್ ಆದ ಮಂಡಿ ಚೆನ್ನಾಗಿದೆ, ಕೋಲಿಲ್ಲದೆ ದಿಬ್ಬ ಹತ್ತಿದೆ. ಮಂಡಿ ವಾಸಿಯಾಗುವ ತನಕ ಎಂದು ಬಂದವಳಿಗೆ ತಮ್ಮ ತನ್ನ ಮನೆಯಲ್ಲೇ ಇದ್ದುಬಿಡು ಅನ್ನುತ್ತಾನೆ, ಪ್ರೀತಿಯಿಂದಲೇ. ಆದರೆ ಅಲ್ಲಿ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ನಮ್ಮ ಕೆರೆಯ ಹಂಸಗಳ ಸದ್ದಿಲ್ಲದೆ ನನಗೆ ಬೆಳಗಾದಂತೆಯೇ ಅನ್ನಿಸುವುದಿಲ್ಲ. ನಮ್ಮ ಮನೆಯ ನನ್ನ ಕೋಣೆಯನ್ನು ಬಾಡಿಗೆಗೆ ಕೊಡಲೇ ಎಂದು ಕೇಳಿದ್ದೀಯ. ಬೇಡ. ಹೊರಡೋಣ ಎಂದು ಬೆರಿಲ್ ಕಾರಿನ ಹಾರ್ನ್ ಒತ್ತುತ್ತಿದ್ದಾಳೆ. ನನಗೆ ಬಾ ಅಂತ ಒಂದು ಸಾಲು ಬರೆ, ಸಾಕು.

ನಿನ್ನ ತಂಗಿ,
ಎಲ್ಸ್‌ಪೆತ್